ಹಳೇ ಗ್ರಾಹಕನಿಗೆ ಕೂಪನ್, ಹೊಸ ಗ್ರಾಹಕನಿಗೆ ರಿಯಾಯಿತಿ



ಇವತ್ತು ರಾಜಕೀಯ ಬೇಡ. ನಿಮ್ಮ ಟಿವಿ ಪಕ್ಕದಲ್ಲಿ ಕೂತಿರೋ ಆ ಕಪ್ಪು ಪೆಟ್ಟಿಗೆ ಬಗ್ಗೆ ಮಾತಾಡೋಣ. ಅದೇ, ಸೆಟ್ ಟಾಪ್ ಬಾಕ್ಸ್. ನೀವೀಗ ನನ್ನನ್ನು ನೋಡ್ತಾ ಇರೋದೂ ಬಹುಶಃ ಅದರ ಮೂಲಕವೇ.

ನಿಮ್ಮ ಮೊಬೈಲಿಗೆ ಆಗಾಗ ಒಂದು ಮೆಸೇಜ್ ಬರುತ್ತೆ. ‘ಅಭಿನಂದನೆಗಳು! ನೀವು ನಮ್ಮ ಅಮೂಲ್ಯ ಗ್ರಾಹಕರು. ನಿಮ್ಮ ನಿಷ್ಠೆಗೆ ಇದೋ ಒಂದು ಪುಟ್ಟ ಉಡುಗೊರೆ.’ ಓದಿದ ತಕ್ಷಣ ಖುಷಿಯಾಗುತ್ತೆ. ಒಳಗೆ ಹೋಗಿ ನೋಡಿದರೆ ಏನಿರುತ್ತೆ? ಯಾವುದೋ ಅಂಗಡಿಯ ಕೂಪನ್. ಸಾವಿರ ರೂಪಾಯಿ ಸಾಮಾನು ಕೊಂಡರೆ ನೂರು ರೂಪಾಯಿ ಬಿಡ್ತಾರಂತೆ. ಇಲ್ಲದಿದ್ದರೆ ನೀವು ಕೇಳದೇ ಇದ್ದ ಒಂದು ಚಾನೆಲ್ ನಾಲ್ಕು ದಿನ ಫ್ರೀ. ಅದೂ ಇಲ್ಲ ಅಂದರೆ ಒಂದಷ್ಟು ಪಾಯಿಂಟು. ಆ ಪಾಯಿಂಟಿಗೆ ಎಷ್ಟು ರೂಪಾಯಿ, ಯಾವಾಗ ಮುಗಿಯುತ್ತೆ, ಎಲ್ಲಿ ಖರ್ಚು ಮಾಡಬೇಕು? ಅದೆಲ್ಲ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ನಮ್ಮ ಸಂತೆಗಳಲ್ಲಿ ಇದಕ್ಕೊಂದು ಹಳೇ ಪದ ಇದೆ. ಕೊಸರು. ತರಕಾರಿ ತಗೊಂಡರೆ ಮೇಲೆ ನಾಲ್ಕು ಎಸಳು ಕರಿಬೇವು. ಹಾಲು ಅಳೆದ ಮೇಲೆ ಪಾತ್ರೆಗೆ ಇನ್ನೊಂದು ತೊಟ್ಟು. ಆ ಕೊಸರಿಗೆ ಷರತ್ತಿಲ್ಲ, ಅವಧಿ ಇಲ್ಲ, ಆ್ಯಪ್ ಬೇಡ. ಕೊಟ್ಟಿದ್ದು ಕಣ್ಣಿಗೆ ಕಾಣುತ್ತೆ, ಅವತ್ತಿನ ಸಾರಿಗೇ ಬೀಳುತ್ತೆ. ಖಾಯಂ ಗಿರಾಕಿಗೆ ಒಂದು ಹಿಡಿ ಜಾಸ್ತಿ. ವ್ಯಾಪಾರದ ಮರ್ಯಾದೆ ಅಂದರೆ ಅದು.

ಡಿಟಿಎಚ್, ಕೇಬಲ್ ವ್ಯಾಪಾರದಲ್ಲಿ ಏನಾಗ್ತಿದೆ? ಹೊಸದಾಗಿ ಸೇರುವವನಿಗೆ ಬಾಕ್ಸ್ ಮೇಲೆ ರಿಯಾಯಿತಿ, ಮೊದಲ ತಿಂಗಳು ಫ್ರೀ, ಡಿಶ್ ಕೂರಿಸೋಕೆ ದುಡ್ಡಿಲ್ಲ. ಹತ್ತು ವರ್ಷದಿಂದ ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸಿದವನಿಗೆ ಕೂಪನ್. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಇನ್ನೊಂದು ವಿಚಿತ್ರ ಇದೆ. ‘ನಿಮ್ಮ ಸರ್ವಿಸೇ ಬೇಡ, ಕಟ್ ಮಾಡಿ’ ಅಂತ ಕಾಲ್ ಸೆಂಟರಿಗೆ ಫೋನ್ ಮಾಡಿ ಜೋರು ಮಾಡಿದವನಿಗೆ ಎಷ್ಟೋ ಸಲ ತಕ್ಷಣ ಒಂದು ಆಫರ್ ಹುಟ್ಟಿಕೊಳ್ಳುತ್ತೆ! ಮಾತಾಡದೆ ಕಟ್ಟಿಕೊಂಡು ಹೋಗುವವರಿಗೆ ಪೂರ್ತಿ ರೇಟು. ಆ ಮಾತಾಡದವರು ಯಾರು ಗೊತ್ತಾ? ಊರಲ್ಲಿ ಒಬ್ಬರೇ ಇರೋ ಅಜ್ಜಿ. ಪಿಂಚಣಿ ದುಡ್ಡಲ್ಲಿ ರೀಚಾರ್ಜ್ ಮಾಡಿಸೋ ನಿವೃತ್ತ ಮೇಷ್ಟ್ರು. ಸಂಜೆಯ ಧಾರಾವಾಹಿ ಬಿಟ್ಟರೆ ಬೇರೆ ಜೊತೆ ಇಲ್ಲದ ಜೀವಗಳು. ಜೋರು ಮಾಡಿದವನಿಗೆ ಸಿಕ್ಕ ರಿಯಾಯಿತಿಯ ಹೊರೆ ಕೊನೆಗೆ ಬೀಳೋದು ಇವರ ಮೇಲೇ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಅಂದರೆ ಇದೇ ಅಲ್ವಾ?

ಕಂಪನಿಗಳಿಗೆ ಈ ಧೈರ್ಯ ಎಲ್ಲಿಂದ ಬರುತ್ತೆ? ಆ ಪೆಟ್ಟಿಗೆಯಿಂದ. ಮೊಬೈಲಿನಲ್ಲಿ 2011ರ ಜನವರಿಯಿಂದ ದೇಶದಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ಬಂತು. ಗ್ರಾಹಕ ಎದ್ದು ಹೋಗ್ತಾನೆ ಅನ್ನೋ ಭಯ ಬಂತು. ಟಿವಿಯಲ್ಲಿ ಹಾಗಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕೇಬಲ್ ಡಿಜಿಟಲ್ ಆಗಲು 2013ರ ಮಾರ್ಚ್ 31 ಗಡುವಾಗಿತ್ತು. ಅವತ್ತು ಮನೆಮನೆಗೆ ಬಾಕ್ಸ್ ಬಂತು. ಆದರೆ ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ಆಗಲ್ಲ. ಎಲ್ಲ ಕಂಪನಿಗೂ ಹೊಂದುವ ಬಾಕ್ಸ್ ಕೊಡಿ ಅಂತ 2020ರ ಏಪ್ರಿಲ್‌ನಲ್ಲಿ ಟ್ರಾಯ್ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. ಇವತ್ತಿಗೂ ಕಂಪನಿ ಬದಲಿಸಿದರೆ ಹಳೇ ಬಾಕ್ಸ್ ಅಟ್ಟಕ್ಕೆ. ಹೋಗೋಕೆ ದಾರಿ ಇಲ್ಲದವನು ಉಳಿದುಕೊಂಡರೆ ಅದನ್ನು ನಿಷ್ಠೆ ಅಂತ ಕರೆಯಬಹುದಾ ಸ್ವಾಮಿ?

ಈಗ ಬಿಲ್ಲಿಗೆ ಬರೋಣ. 2019ರಲ್ಲಿ ಟ್ರಾಯ್ ಹೊಸ ದರ ಪದ್ಧತಿ ಜಾರಿಗೆ ಬಂತು. ಚಾನೆಲ್ ದುಡ್ಡು ಬೇರೆ, ಸಂಪರ್ಕದ ದುಡ್ಡು ಬೇರೆ. ಆ ಸಂಪರ್ಕ ಶುಲ್ಕವನ್ನೇ ಎನ್‌ಸಿಎಫ್ ಅನ್ನೋದು. ಆಗ 100 ಚಾನೆಲ್‌ಗೆ ಗರಿಷ್ಠ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ನೀವು ಒಂದೇ ಒಂದು ಪೇ ಚಾನೆಲ್ ಹಾಕಿಸದೇ ಇದ್ದರೂ ಇದನ್ನು ಕಟ್ಟಬೇಕಿತ್ತು. ಆಮೇಲೆ 2024ರ ಜುಲೈನಲ್ಲಿ ಟ್ರಾಯ್ ಆ ಗರಿಷ್ಠ ಮಿತಿಯನ್ನೇ ತೆಗೆಯಿತು. ಚಾನೆಲ್ ಸಂಖ್ಯೆ, ಪ್ರದೇಶ, ಗ್ರಾಹಕರ ವರ್ಗ ನೋಡಿಕೊಂಡು ಕಂಪನಿಗಳು ಬೇರೆ ಬೇರೆ ಶುಲ್ಕ ಇಡಬಹುದು ಅಂತ ಹೇಳಿತು.

ಗ್ರಾಹಕರ ವರ್ಗ. ಈ ಎರಡು ಪದ ಗಟ್ಟಿಯಾಗಿ ಹಿಡ್ಕೊಳ್ಳಿ. ಹಾಗಾದರೆ ಹತ್ತು ವರ್ಷದ ಹಳೇ ಗ್ರಾಹಕರು ಯಾಕೆ ಒಂದು ವರ್ಗ ಆಗಬಾರದು? ಐದು ವರ್ಷ ದಾಟಿದವರಿಗೆ ಸಂಪರ್ಕ ಶುಲ್ಕ ಅರ್ಧ, ಹತ್ತು ವರ್ಷ ದಾಟಿದವರಿಗೆ ಪೂರ್ತಿ ಮನ್ನಾ ಅಂತ ಕಂಪನಿಗಳು ಯಾಕೆ ಹೇಳಬಾರದು? ಕಡಿಮೆ ತಗೋಬೇಡಿ ಅಂತ ಯಾವ ನಿಯಮವೂ ಹೇಳಿಲ್ಲ. ಕೂಪನ್ನಿಗೆ ಖರ್ಚು ಮಾಡೋ ಬುದ್ಧಿಯನ್ನು ಬಿಲ್ಲಿನ ಆ ಒಂದು ಸಾಲಿಗೆ ಖರ್ಚು ಮಾಡಿ. ಅದು ಕೊಸರು. ಉಳಿದದ್ದು ಮೂಗಿಗೆ ತುಪ್ಪ.

ಕಂಪನಿಗಳಿಗೂ ಕಷ್ಟ ಇದೆ, ಒಪ್ಪೋಣ. 2020ರಲ್ಲಿ ದೇಶದಲ್ಲಿ ದುಡ್ಡು ಕೊಟ್ಟು ಡಿಟಿಎಚ್ ನೋಡುವ ಸಂಪರ್ಕಗಳು ಸುಮಾರು 7 ಕೋಟಿ ಇದ್ದವು. 2025ರ ಹೊತ್ತಿಗೆ ಅದು 6 ಕೋಟಿಗಿಂತ ಕೆಳಗೆ ಇಳಿದಿದೆ. ಹುಡುಗರೆಲ್ಲ ಮೊಬೈಲು, ಒಟಿಟಿ ಕಡೆ ಹೋದರು. ಇನ್ನೊಂದು ಕಡೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ಒಂದು ಸಲ ಡಿಶ್ಶು, ಬಾಕ್ಸಿಗೆ ದುಡ್ಡು ಕೊಟ್ಟರೆ ಆಮೇಲೆ ತಿಂಗಳ ಬಾಡಿಗೆ ಇಲ್ಲ. ಅದಕ್ಕೇ ಹೇಳ್ತಿರೋದು. ಹೋಗುವವರು ಹೋದ ಮೇಲೂ ಉಳಿದಿರುವವರನ್ನು ಹೇಗೆ ನೋಡಿಕೊಳ್ತೀರಿ ಅನ್ನೋದರ ಮೇಲೆ ನಿಮ್ಮ ವ್ಯಾಪಾರ ನಿಂತಿದೆ. ನಮ್ಮಂಥ ವಾಹಿನಿಗಳ ಬದುಕೂ ಅದರ ಮೇಲೇ ನಿಂತಿದೆ. ಈ ಕಂಪನಿಗಳ ತಂತಿಯಲ್ಲೇ, ಡಿಶ್ಶಿನಲ್ಲೇ ನಾನೂ ನಿಮ್ಮ ಮನೆಗೆ ಬರ್ತೀನಿ. ಹಾಗಂತ ಲೆಕ್ಕ ಮರೆಮಾಚೋಕೆ ಆಗಲ್ಲ.

ವೀಕ್ಷಕರು ಮಾಡಬಹುದಾದ್ದೂ ಇದೆ. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಅಂತ ಹೇಳಿದರೆ ಲೆಕ್ಕ ಹಾಕಿ. ತಿಂಗಳಿಗೆ 350 ಅಂದುಕೊಳ್ಳಿ. ನೀವು ಮುಂಗಡವಾಗಿ 4,200 ಕೊಟ್ಟು 13 ತಿಂಗಳು ನೋಡ್ತೀರಿ. ಅಂದರೆ ನೂರಕ್ಕೆ ಎಂಟು ರೂಪಾಯಿಯೂ ಪೂರ್ತಿ ಉಳಿಯಲ್ಲ. ವರ್ಷವಿಡೀ ನೋಡೋದು ಖಚಿತ ಇದ್ದರೆ ತಗೊಳ್ಳಿ, ಒಳ್ಳೇದೇ. ಆದರೆ ಅದೇ ಪ್ಯಾಕಿನಲ್ಲಿ ಮನೆಯವರು ಯಾರೂ ನೋಡದ 40 ರೂಪಾಯಿ ಚಾನೆಲ್‌ಗಳನ್ನು ತೆಗೆಸಿದರೆ ಉಳಿತಾಯ ಅದಕ್ಕಿಂತ ಜಾಸ್ತಿ. ತೆಗೆಸೋದು ನಿಮ್ಮ ಹಕ್ಕು. ತಿಂಗಳುಗಟ್ಟಲೆ ಊರಿಗೆ ಹೋಗ್ತೀರಾ? ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಂತ ಕೇಳುವ ಅವಕಾಶವೂ ನಿಯಮದಲ್ಲಿದೆ. ದೂರಿಗೆ ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, 1915.

ಕೊನೆಯದಾಗಿ ಒಂದು ಕೆಲಸ. ಈ ಭಾನುವಾರ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಿದ ಮೇಲೆ ‘ಟಿವಿಗೆ ಎಷ್ಟು ಕಟ್ತೀರಿ’ ಅಂತಾನೂ ಕೇಳಿ. ಅವರು ಕಂಪನಿ ಜೊತೆ ಜಗಳ ಆಡಲ್ಲ. ಅವರ ಪರವಾಗಿ ನೀವು ಕಾಲ್ ಸೆಂಟರಿಗೆ ಫೋನ್ ಮಾಡಿ, ಒಂದೇ ಪ್ರಶ್ನೆ ಕೇಳಿ: ‘ಇವತ್ತು ಸೇರುವ ಹೊಸ ಗ್ರಾಹಕನಿಗೆ ಕೊಡೋದನ್ನು, ಹತ್ತು ವರ್ಷದಿಂದ ಕಟ್ತಿರೋ ನಮ್ಮಮ್ಮನಿಗೆ ಯಾಕೆ ಕೊಡಲ್ಲ?’

ಉತ್ತರ ಬರೋವರೆಗೂ ಫೋನ್ ಇಡಬೇಡಿ.