ಸೆರೆಮನೆಯಲ್ಲಿ ಪೇತ್ರನ ನಿದ್ದೆ

(ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವ, ಜೂನ್ 29)



ಇಂದಿನ ಮೊದಲನೆಯ ವಾಚನದಲ್ಲಿ ಒಂದು ಸಣ್ಣ ಮಾತಿದೆ. ಕೇಳುವಾಗ ನಾವು ಅದನ್ನು ದಾಟಿ ಹೋಗಿಬಿಡುತ್ತೇವೆ. ದೇವದೂತ ಬಂದದ್ದು, ಸಂಕೋಲೆ ಕಳಚಿ ಬಿದ್ದದ್ದು, ಕಬ್ಬಿಣದ ಬಾಗಿಲು ತಾನಾಗಿ ತೆರೆದದ್ದು, ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಅದಕ್ಕೂ ಮೊದಲು, ಪೇತ್ರ ನಿದ್ದೆ ಮಾಡುತ್ತಿದ್ದ ಎಂದು ಬರೆದಿದೆ. ಎಂಥ ರಾತ್ರಿ ಅದು! ಹೆರೋದ ಅರಸ ಆಗಲೇ ಯೊವಾನ್ನನ ಸಹೋದರ ಯಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದಾನೆ. ಜನರಿಗೆ ಅದು ಮೆಚ್ಚುಗೆಯಾಯಿತೆಂದು ಕಂಡು ಪೇತ್ರನನ್ನೂ ಹಿಡಿಸಿದ್ದಾನೆ. ನಾಲ್ಕು ನಾಲ್ಕು ಜನರ ನಾಲ್ಕು ತಂಡ, ಒಟ್ಟು 16 ಸಿಪಾಯಿಗಳ ಕಾವಲು. ಬೆಳಗಾದರೆ ಜನರ ಮುಂದೆ ವಿಚಾರಣೆ. ಅದರ ಕೊನೆ ಏನೆಂದು ಎಲ್ಲರಿಗೂ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಮಕ್ಕಳಿಗೆ ನಿದ್ದೆ ಬರುವುದಿಲ್ಲ. ಮಗಳ ಮದುವೆಯ ಸಾಲ ನೆನೆದು ತಂದೆಗೆ ನಿದ್ದೆ ಬರುವುದಿಲ್ಲ. ಪೇತ್ರನಿಗೋ ಇಬ್ಬರು ಸಿಪಾಯಿಗಳ ನಡುವೆ, ಎರಡು ಸಂಕೋಲೆಗಳ ಬಿಗಿತದಲ್ಲಿ, ಎಂಥ ಗಾಢ ನಿದ್ದೆಯೆಂದರೆ ಕೋಣೆಯೆಲ್ಲಾ ಬೆಳಕಾದರೂ ಎಚ್ಚರವಾಗಲಿಲ್ಲ. ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು.

ಈ ನಿದ್ದೆ ಎಲ್ಲಿಂದ ಬಂತು? ಇಂದು ಇದನ್ನೇ ಧ್ಯಾನಿಸೋಣ. ಏಕೆಂದರೆ ನಮ್ಮಲ್ಲಿ ಅನೇಕರ ನಿದ್ದೆ ಕೆಡಿಸಿರುವ ಪ್ರಶ್ನೆಯೊಂದಿದೆ.

ಮೊದಲ ಶುಕ್ರವಾರಗಳಂದು ಹಾಸಿಗೆ ಹಿಡಿದವರ ಮನೆಗಳಿಗೆ ನಾವು ಪರಮಪ್ರಸಾದ ಕೊಂಡೊಯ್ಯುತ್ತೇವೆ. ಮಗ ಸೊಸೆ ಆಚೆ ಹೋದ ಮೇಲೆ ಎಷ್ಟೋ ಅಜ್ಜಿಯಂದಿರು ಮೆಲ್ಲಗೆ ಕೇಳುತ್ತಾರೆ: "ಸ್ವಾಮಿ, ದೇವ್ರು ನನ್ನನ್ನ ಸೇರಿಸ್ಕೋತಾನಾ?" ಅರವತ್ತು ಎಪ್ಪತ್ತು ವರ್ಷ ಜಪಸರ ಹಿಡಿದು ಸವೆದ ಕೈಗಳು ಅವು. ಇನ್ನೊಂದು ಕಡೆ, ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಕ್ರಿಸ್ಮಸ್ ರಜೆಗೆ ಬಂದಾಗ ಬೇರೆ ಮಾತಿನಲ್ಲಿ ಅದನ್ನೇ ಕೇಳುತ್ತಾರೆ. ಜೊತೆಯಲ್ಲಿ ಕೋಣೆ ಹಂಚಿಕೊಂಡ ಗೆಳೆಯ ಬೇರೊಂದು ಸಭೆಯವನು. "ನೀನು ರಕ್ಷಣೆ ಹೊಂದಿದ್ದೀಯಾ? ಯಾವ ದಿನ ಹೊಂದಿದೆ?" ಎಂದು ಅವನು ಕೇಳಿದನಂತೆ. "ನಾನೇನು ಹೇಳಬೇಕಿತ್ತು ಫಾದರ್?" ಆ ಗೆಳೆಯನ ಉತ್ಸಾಹವನ್ನು ನಾವು ಗೇಲಿ ಮಾಡಬಾರದು. ಜೀವೋದ್ಧಾರದ ಬಗ್ಗೆ ಅಷ್ಟು ಆಸೆ ನಮ್ಮವರಲ್ಲಿ ಎಷ್ಟು ಜನರಿಗಿದೆ? ಆದರೂ ಅವನ ಪ್ರಶ್ನೆಗೆ ದಿನಾಂಕ ಕೊಟ್ಟು ಉತ್ತರಿಸಲು ಸಂತ ಪೇತ್ರನಿಗೂ ಸಾಧ್ಯವಾಗುತ್ತಿರಲಿಲ್ಲ.

ಪೇತ್ರನಿಗೆ ಒಂದು ಕಾಲದಲ್ಲಿ ತನ್ನ ಬಗ್ಗೆ ಪೂರ್ಣ ನಿಶ್ಚಯವಿತ್ತು. ಕಡೆಯ ಭೋಜನದ ರಾತ್ರಿ, ಮಿಕ್ಕವರೆಲ್ಲ ಬಿಟ್ಟರೂ ತಾನು ಬಿಡುವುದಿಲ್ಲ, ಸೆರೆಮನೆಗೂ ಸಾವಿಗೂ ಸಿದ್ಧ ಎಂದು ಹೇಳಿದವನು ಅವನೇ. ಅದು ಸುಳ್ಳಲ್ಲ, ಆ ಗಳಿಗೆಯಲ್ಲಿ ಮನಸಾರೆ ಹೇಳಿದ ಮಾತು. ಕೋಳಿ ಕೂಗುವಷ್ಟರಲ್ಲಿ, ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ, ಆ ನಿಶ್ಚಯ ಉದುರಿಹೋಯಿತು.

ಆದರೆ ಅದೇ ಮೇಜಿನ ಬಳಿ ಯೇಸುಸ್ವಾಮಿ ಹೇಳಿದ್ದ ಮಾತೊಂದಿತ್ತು. ಸಂತ ಲೂಕ ಮಾತ್ರ ಅದನ್ನು ಬರೆದಿಟ್ಟಿದ್ದಾನೆ. ಸೈತಾನ ಶಿಷ್ಯರನ್ನೆಲ್ಲ ಗೋಧಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ ಎಂದು ಸ್ವಾಮಿ ಎಚ್ಚರಿಸುತ್ತಾರೆ. ಇಲ್ಲಿ ಮೂಲ ಗ್ರೀಕ್ ಭಾಷೆಯಲ್ಲಿ ಬಹುವಚನವಿದೆ, 'ನಿಮ್ಮನ್ನು'. ಮರುವಾಕ್ಯದಲ್ಲಿಯೇ ಏಕವಚನ: ನಿನ್ನ ವಿಶ್ವಾಸ ಕುಂದದಿರಲೆಂದು ನಿನಗಾಗಿ ಬೇಡಿಕೊಂಡಿದ್ದೇನೆ ಎನ್ನುತ್ತಾರೆ. ನೀವು, ನೀನು ಎಂಬ ಭೇದ ಬಲ್ಲ ಕನ್ನಡಿಗರಿಗೆ ಇದು ಬೇಗ ತಟ್ಟುತ್ತದೆ. ಕಷ್ಟ ಎಲ್ಲರಿಗೂ ಸೇರಿ ಬಂತು. ಪ್ರಾರ್ಥನೆ ಒಬ್ಬನ ಹೆಸರು ಹಿಡಿದು ನಡೆಯಿತು. ಏನನ್ನು ಬೇಡಿದರು ಎಂಬುದನ್ನೂ ಗಮನಿಸಿ. ಪೇತ್ರ ಜರಡಿಗೆ ಬೀಳದಿರಲಿ ಎಂದಲ್ಲ. ವಿಶ್ವಾಸ ಬತ್ತಿಹೋಗದಿರಲಿ ಎಂದು. ಜೊತೆಗೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂಬ ಕೆಲಸವನ್ನೂ ಒಪ್ಪಿಸಿದರು. ಬೀಳುವುದಕ್ಕೆ ಮುಂಚೆಯೇ ಹಿಂದಿರುಗುವ ದಾರಿ ಸಿದ್ಧವಾಗಿತ್ತು!

ನಿನ್ನೆ ಸಂಜೆಯ ಜಾಗರಣೆಯ ಪೂಜೆಗೆ ಬಂದವರು ತಿಬೇರಿಯ ಸರೋವರದ ದಡದ ಸಂಭಾಷಣೆಯನ್ನು ಕೇಳಿದ್ದೀರಿ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಪ್ರಶ್ನೆ. ಹಳೆಯ ಪೇತ್ರನಾಗಿದ್ದರೆ ಮತ್ತೆ ಆಣೆ ಪ್ರಮಾಣ ಮಾಡುತ್ತಿದ್ದ. ಈಗ ಅವನು ಹೇಳುವುದು ಒಂದೇ: ಸ್ವಾಮಿ, ನಿಮಗೆ ಎಲ್ಲವೂ ಗೊತ್ತು. ತನ್ನ ಹೃದಯದ ಸಾಕ್ಷಿಗೆ ಅವನು ತನ್ನನ್ನು ಕರೆಯಲಿಲ್ಲ, ಪ್ರಭುವನ್ನೇ ಕರೆದ. ಸೆರೆಮನೆಯ ನಿದ್ದೆ ಇಲ್ಲಿಂದ ಬಂದದ್ದೆಂದು ನಮಗನ್ನಿಸುತ್ತದೆ.

ಯೂದನೂ ಪರಿತಪಿಸಿದ್ದ, 30 ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ್ದ ಎಂಬುದನ್ನು ಮರೆಯಬಾರದು. ಆದರೆ ಅವನು ಒಬ್ಬನೇ ಹೊರಟುಹೋದ. ಪೇತ್ರ ಅತ್ತ, ನಾಚಿದ, ಆದರೂ ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಓಡಿಬಂದಾಗ ಅವನು ಸಿಗುವ ಜಾಗದಲ್ಲಿದ್ದ. ಯೂದನ ಕೊನೆಯ ಗತಿ ಏನಾಯಿತೆಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಧರ್ಮಸಭೆ ಸಾವಿರಾರು ಮಂದಿಯನ್ನು ಸಂತರೆಂದು ಘೋಷಿಸಿದೆ. ಇಂಥವನು ನರಕದಲ್ಲಿದ್ದಾನೆಂದು ಒಬ್ಬನ ಹೆಸರನ್ನೂ ಘೋಷಿಸಿಲ್ಲ. ತಮ್ಮ ಕೈಯಾರೆ ಜೀವ ಕಳೆದುಕೊಂಡವರ ಕುಟುಂಬಗಳು ಇಲ್ಲಿ ಇದ್ದರೆ, ಈ ಮಾತನ್ನು ಮನೆಗೆ ಕೊಂಡೊಯ್ಯಿರಿ. ಅವರ ನಿತ್ಯೋದ್ಧಾರದ ಬಗ್ಗೆ ಆಸೆ ಬಿಡಬಾರದೆಂದು ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಅವರಿಗಾಗಿ ಪೂಜೆ ಹೇಳಿಸಲು ಸಂಕೋಚಪಡಬೇಡಿ.

ಇನ್ನೊಂದು ಕಡೆಯ ಅಪಾಯವೂ ಉಂಟು. ಸಂತ ಮಾರ್ಗರೆಟ್ ಮೇರಿಯವರ ಮೂಲಕ ಬಂದ ಒಂಬತ್ತು ಮೊದಲ ಶುಕ್ರವಾರಗಳ ಭಕ್ತಿ ಬಹಳ ಸುಂದರವಾದದ್ದು. ಕೊನೆಗಳಿಗೆಯ ಪಶ್ಚಾತ್ತಾಪದ ವರ ಅದರ ವಾಗ್ದಾನ. ಆದರೆ ಕೆಲವರು ಅದನ್ನು ಕಂತು ಕಟ್ಟಿ ಮುಗಿಸಿದ ವಿಮಾ ಪಾಲಿಸಿ ಎಂದುಕೊಂಡಿದ್ದಾರೆ. ಒಂಬತ್ತೂ ಮುಗಿದವು, ಇನ್ನು ತಮ್ಮನೊಂದಿಗೆ ಜಮೀನಿನ ವ್ಯಾಜ್ಯವನ್ನು ನೆಮ್ಮದಿಯಾಗಿ ನಡೆಸಬಹುದು ಎಂಬಂತೆ! ಯೇಸುವಿನ ಪವಿತ್ರ ಹೃದಯ ಕೊಟ್ಟದ್ದು ಪ್ರೀತಿಯ ವಾಗ್ದಾನ. ಅದರ ರಸೀದಿ ತೋರಿಸಿ ತಮ್ಮನ ಪಾಲನ್ನು ಕಿತ್ತುಕೊಳ್ಳಲಾಗದು.

ಸಂತ ಪೌಲರ ಪತ್ರಗಳಲ್ಲಿ ಈ ಎರಡೂ ಕಡೆಯ ಮಾತುಗಳು ಪಕ್ಕ ಪಕ್ಕದಲ್ಲೇ ಸಿಗುತ್ತವೆ. ಸಾವಾಗಲಿ ಬದುಕಾಗಲಿ ಸೃಷ್ಟಿಯ ಯಾವುದೇ ವಸ್ತುವಾಗಲಿ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎಂದು ರೋಮಿನವರಿಗೆ ಬರೆದವರು, ಇತರರಿಗೆ ಬೋಧಿಸಿದ ತಾವೇ ಎಲ್ಲಿ ಅನರ್ಹರಾಗುವೆವೋ ಎಂದು ದೇಹವನ್ನು ದಂಡಿಸುವುದಾಗಿ ಕೊರಿಂಥದವರಿಗೆ ಬರೆದರು. ಫಿಲಿಪ್ಪಿಯವರಿಗಂತೂ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದರು: ಭಯಭಕ್ತಿಯಿಂದ ನಿಮ್ಮ ಉದ್ಧಾರವನ್ನು ಸಾಧಿಸಿಕೊಳ್ಳಿ, ಏಕೆಂದರೆ ನಿಮ್ಮೊಳಗೆ ಕಾರ್ಯನಡೆಸುವವರು ದೇವರೇ. ನಮ್ಮ ದಕ್ಷಿಣದ ಶ್ರೀವೈಷ್ಣವರಲ್ಲೂ ಇಂಥ ಚರ್ಚೆಯೊಂದು ನಡೆದಿದೆ. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಭಕ್ತ ಯಾವುದರಂತೆ ಎಂದು ವಡಗಲೈ, ತೆಂಗಲೈ ಪಂಥಗಳು ವಾದಿಸಿದವು. ಪೌಲರನ್ನು ಕೇಳಿದ್ದರೆ, ಅಪ್ಪಿ ಹಿಡಿಯುವ ಶಕ್ತಿಯೂ ತಾಯಿ ಕೊಟ್ಟದ್ದೇ ಎನ್ನುತ್ತಿದ್ದರೇನೋ.

ಈ ವಿಷಯದಲ್ಲಿ ಕ್ರೈಸ್ತರು ಬಹಳ ಜಗಳವಾಡಿದ್ದಾರೆ. 1547ರಲ್ಲಿ ಟ್ರೆಂಟ್ ಮಹಾಸಭೆ, ದೇವರ ವಿಶೇಷ ಪ್ರಕಟಣೆಯಿಲ್ಲದೆ ತಾನು ಕೊನೆಯವರೆಗೂ ನಿಲ್ಲುವೆನೆಂದು ಯಾರೂ ತಪ್ಪಿಲ್ಲದ ಖಚಿತತೆಯಿಂದ ಹೇಳಲಾಗದು ಎಂದಿತು. ನಮ್ಮವರಿಗೆ ಈ ಅರ್ಧ ಮಾತ್ರ ನೆನಪಿದೆ. ದೇವರ ಸಹಾಯದಲ್ಲಿ ಎಲ್ಲರೂ ಅತ್ಯಂತ ದೃಢವಾದ ಭರವಸೆ ಇಡಬೇಕು, ಮನುಷ್ಯರೇ ಕೃಪೆಯನ್ನು ತೊರೆಯದ ಹೊರತು ದೇವರು ಆರಂಭಿಸಿದ್ದನ್ನು ಪೂರೈಸುತ್ತಾರೆ ಎಂದೂ ಅದೇ ಸಭೆ ಹೇಳಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ಒಕ್ಕೂಟ ಮತ್ತು ನಮ್ಮ ಧರ್ಮಸಭೆ ಕೂಡಿ ಸಹಿ ಹಾಕಿದ ಘೋಷಣೆಯಲ್ಲಿ, ತನ್ನ ದೌರ್ಬಲ್ಯವನ್ನು ನೋಡಿ ಹೆದರುವವನೂ ದೇವರ ವಾಗ್ದಾನವನ್ನು ನೆಚ್ಚಬಹುದೆಂದು ಇಬ್ಬರೂ ಒಪ್ಪಿದರು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳವರು 2017ರಲ್ಲಿ ಆ ಘೋಷಣೆಯ ಜೊತೆ ಸೇರಿದರು. ಆ ಕೋಣೆಯ ಗೆಳೆಯನಿಗೂ ಇದನ್ನು ತಿಳಿಸಬಹುದು.

ಅವನಿಗೆ ಉತ್ತರ ಬೇಕಾದರೆ ಸಂತ ಜೋನ್ ಆಫ್ ಆರ್ಕ್ ಕೊಟ್ಟಿದ್ದಾಳೆ. 1431ರಲ್ಲಿ ಫ್ರಾನ್ಸಿನ ರೂಆನಿನಲ್ಲಿ ನ್ಯಾಯಾಧೀಶರು ಆ ಹಳ್ಳಿಯ ಹುಡುಗಿಯನ್ನು, ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಕೇಳಿದರು. ಹೌದೆಂದರೆ ಅಹಂಕಾರ, ಇಲ್ಲವೆಂದರೆ ಅಪರಾಧದ ಒಪ್ಪಿಗೆ. ಸುಮಾರು 19 ವರ್ಷದ ಜೋನಳು, ಇಲ್ಲದಿದ್ದರೆ ದೇವರು ತನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲಿಯೇ ಉಳಿಸಲಿ ಎಂಬರ್ಥದಲ್ಲಿ ಉತ್ತರಿಸಿದಳು. ಅಕ್ಷರ ಬಾರದವಳ ಈ ಮಾತನ್ನು ಇಂದು ಧರ್ಮೋಪದೇಶ ಗ್ರಂಥದಲ್ಲಿಯೇ ಸೇರಿಸಿದ್ದಾರೆ.

ಇನ್ನು ಯಕೋಬನ ವಿಷಯ. ಅದೇ ಅಧ್ಯಾಯದಲ್ಲಿ ಪೇತ್ರ ಬಿಡುಗಡೆಯಾದ, ಯಕೋಬ ಸತ್ತ. ದೇವರು ಒಬ್ಬನನ್ನು ಕಾಪಾಡಿ ಇನ್ನೊಬ್ಬನನ್ನು ಕೈಬಿಟ್ಟರೇ? ಎರಡನೆಯ ವಾಚನವನ್ನು ನೋಡಿ. ಪೌಲರು ತಮ್ಮ ಅಗಲುವಿಕೆಯ ಕಾಲ ಬಂದಿತೆಂದು ಬರೆಯುತ್ತಾರೆ. ಕೆಲವು ವಚನಗಳ ನಂತರ, ಪ್ರಭು ತಮ್ಮನ್ನು ಎಲ್ಲಾ ಕೇಡಿನಿಂದ ಬಿಡಿಸಿ ಸ್ವರ್ಗಸಾಮ್ರಾಜ್ಯಕ್ಕೆ ಮುಟ್ಟಿಸುವರೆಂದೂ ಬರೆಯುತ್ತಾರೆ. ಕತ್ತಿ ಕಾದಿದೆ ಎಂದು ಗೊತ್ತಿದ್ದೇ ಬರೆದ ಮಾತಿದು. ರೋಮಿನಲ್ಲಿ ನೀರೋನ ಕಾಲದಲ್ಲಿ ಪೌಲರ ತಲೆ ಕಡಿದರೆಂದೂ ಪೇತ್ರನನ್ನು ಶಿಲುಬೆಗೇರಿಸಿದರೆಂದೂ ಪುರಾತನ ಸಂಪ್ರದಾಯ ಹೇಳುತ್ತದೆ. ಎರಡನೆಯ ಸಲ ಯಾವ ದೂತನೂ ಬಾಗಿಲು ತೆರೆಯಲಿಲ್ಲ. ಆದರೂ ಅವರು ಕಾಪಾಡಲ್ಪಟ್ಟವರೆಂದೇ ನಾವು ಈ ದಿನ ಕೆಂಪು ಪೂಜಾವಸ್ತ್ರ ತೊಟ್ಟು ಹಬ್ಬ ಮಾಡುತ್ತೇವೆ.

ಇಂದಿನ ವಾಚನ ಹನ್ನೊಂದನೇ ವಚನಕ್ಕೆ ನಿಂತುಬಿಡುತ್ತದೆ. ಮನೆಗೆ ಹೋಗಿ ಮುಂದಕ್ಕೆ ಓದಿ. ಬಿಡುಗಡೆಯಾದ ಪೇತ್ರ ಮಾರ್ಕನ ತಾಯಿಯ ಮನೆಯ ಕದ ತಟ್ಟುತ್ತಾನೆ. ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದ ಜನ, ಪೇತ್ರ ಬಂದಿದ್ದಾನೆ ಎಂದ ಹುಡುಗಿಗೆ ಹುಚ್ಚೆನ್ನುತ್ತಾರೆ. ಅವರ ವಿಶ್ವಾಸ ಅಷ್ಟೇ ಇತ್ತು. ಆದರೂ ಅವರ ಪ್ರಾರ್ಥನೆ ದೇವರಿಗೆ ಸಾಕಾಯಿತು. ಹಾಸಿಗೆಯ ಮೇಲಿನ ಅಜ್ಜಿಗೆ ನಾವು ಹೇಳುವುದು ಇದನ್ನೇ: ಅಮ್ಮಾ, ಜಪಸರದ 53 ನಮೋ ಮರಿಯಗಳಲ್ಲಿ ಪ್ರತಿಯೊಂದರಲ್ಲೂ ಈ ಹೊತ್ತಿಗಾಗಿ, ಮರಣದ ಹೊತ್ತಿಗಾಗಿ ಬೇಡಿದ್ದೀರಿ. ನಿಮ್ಮ ಹೆಸರು ಹಿಡಿದು ಯೇಸುಸ್ವಾಮಿಯೂ ಬೇಡುತ್ತಿದ್ದಾರೆ. ಪಾಪನಿವೇದನೆ ಮಾಡಿ, ಈ ದಾರಿಬುತ್ತಿಯನ್ನು ಸ್ವೀಕರಿಸಿ, ಮಲಗಿ ನಿದ್ದೆ ಮಾಡಿ.

ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಮ್ಮ ಧರ್ಮಕೇಂದ್ರದ ಹಾಸಿಗೆ ಹಿಡಿದವರ ಹೆಸರುಗಳನ್ನು ಒಂದೊಂದಾಗಿ ಓದಲಾಗುವುದು. ಆತುರಪಡದೆ, ಪ್ರತಿ ಹೆಸರಿಗೂ ಉತ್ತರ ಕೊಡೋಣ. ಈಗ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳೋಣ.