ಠರಾವಿಗೆ ಮೊದಲು ಅಧ್ಯಯನ

(ಒಕ್ಕೂಟದ ಮಹಿಳಾ ಸಮಾವೇಶದ ಮಧ್ಯಾಹ್ನದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಿಗ್ಗೆ ಹೆಸರು ನೋಂದಾಯಿಸಿದಾಗ ನನ್ನ ಕೈಗೂ ಒಂದು ಕಡತ ಬಂದಿತು. ಸಂಜೆ ನಾವು ಅಂಗೀಕರಿಸಬೇಕಾದ ಹನ್ನೊಂದು ಠರಾವುಗಳು ಅದರಲ್ಲಿ ಆಗಲೇ ಅಚ್ಚಾಗಿವೆ. ಪ್ರತಿಯೊಂದರ ಕೆಳಗೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಕ್ಕಣೆಯೂ ಇದೆ. ಸಂಘಟಕರ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಕರಡು ಬರೆದವರಲ್ಲಿ ನಾನೂ ಒಬ್ಬಳು. ಆದರೂ ಆ ಒಕ್ಕಣೆಯನ್ನು ಓದಿದಾಗ ಮನಸ್ಸು ಕುಗ್ಗಿತು. ಆದ್ದರಿಂದ ನನಗೆ ಕೊಟ್ಟ ವಿಷಯವನ್ನು ಬದಿಗಿಟ್ಟು, ಬೇರೊಂದು ದೇಶದ ಮಹಿಳಾ ಮಹಾಸಭೆಯ ವೃತ್ತಾಂತವನ್ನು ಹೇಳಲು ಅನುಮತಿ ಬೇಡುತ್ತೇನೆ.

ಅಮೆರಿಕದಲ್ಲಿ ಸ್ತ್ರೀಯರ ಮತಾಧಿಕಾರಕ್ಕೆ ಸಂಘಟಿತ ಬೇಡಿಕೆ ಎದ್ದದ್ದು 1848ರಲ್ಲಿ, ಸೆನೆಕಾ ಫಾಲ್ಸ್ ಎಂಬ ಊರಿನ ಸಭೆಯಲ್ಲಿ. ಅದು ರಾಷ್ಟ್ರದ ಸಂವಿಧಾನದಲ್ಲಿ ಸೇರಿದ್ದು 1920ರ ಆಗಸ್ಟ್‌ನಲ್ಲಿ. ನಡುವೆ ಎಪ್ಪತ್ತೆರಡು ವರ್ಷಗಳು. ಆ ಗೆಲುವಿಗೆ ಆರು ತಿಂಗಳು ಮೊದಲೇ, ಫೆಬ್ರವರಿಯಲ್ಲಿ, ಮತಾಧಿಕಾರ ಸಂಘದವರು ಷಿಕಾಗೊ ನಗರದಲ್ಲಿ ತಮ್ಮ ರಾಷ್ಟ್ರೀಯ ಅಧಿವೇಶನವನ್ನು ಸೇರಿಸಿದರು. ಉದ್ದೇಶ ಈಡೇರುತ್ತಿರುವ ಸಂಘ ಮುಂದೇನು ಮಾಡಬೇಕು? ಮುಚ್ಚಿಕೊಂಡು ಮನೆಗೆ ಹೋಗಬೇಕೇ? ಅಧ್ಯಕ್ಷೆ ಕ್ಯಾರಿ ಚಾಪ್‌ಮನ್ ಕ್ಯಾಟ್ ಹಿಂದಿನ ವರ್ಷವೇ ಸೂಚಿಸಿದ್ದಂತೆ, ಆ ಅಧಿವೇಶನದಲ್ಲಿ ‘ಲೀಗ್ ಆಫ್ ವಿಮೆನ್ ವೋಟರ್ಸ್’ ಎಂಬ ಮತದಾರ ಮಹಿಳೆಯರ ಸಂಸ್ಥೆ ಸ್ಥಾಪನೆಯಾಯಿತು. ಮಾಡ್ ವುಡ್ ಪಾರ್ಕ್ ಅದರ ಮೊದಲ ಅಧ್ಯಕ್ಷೆಯಾದರು.

ಈ ಸಂಸ್ಥೆ ಯಾವ ಪಕ್ಷವನ್ನೂ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ, ಆದರೆ ರಾಜಕೀಯದಿಂದ ದೂರವೂ ನಿಲ್ಲುವುದಿಲ್ಲ. ವ್ಯಕ್ತಿಗಳ ವಿಷಯದಲ್ಲಿ ಮೌನ, ಪ್ರಶ್ನೆಗಳ ವಿಷಯದಲ್ಲಿ ನಿಲುವು ಎಂಬುದು ಅದರ ರೀತಿ. ನಮ್ಮಲ್ಲಿ ‘ಪಕ್ಷಾತೀತ’ ಎಂದರೆ ಯಾರ ಮನಸ್ಸನ್ನೂ ನೋಯಿಸದಿರುವುದು ಎಂದೇ ಅರ್ಥವಾಗಿಬಿಟ್ಟಿದೆ.

ನನ್ನನ್ನು ಹೆಚ್ಚು ಸೆಳೆದದ್ದು ಅವರ ರಾಷ್ಟ್ರೀಯ ಮಹಾಸಭೆ ನಡೆಯುವ ಕ್ರಮ. ಎರಡು ವರ್ಷಕ್ಕೊಮ್ಮೆ ಊರೂರಿನ ಘಟಕಗಳಿಂದ ಪ್ರತಿನಿಧಿಗಳು ಬರುತ್ತಾರೆ. ಯಾವ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂಬ ಸಲಹೆ ತಿಂಗಳುಗಳ ಮೊದಲೇ ಘಟಕಗಳಿಂದ ಮೇಲಕ್ಕೆ ಹೋಗಿರುತ್ತದೆ. ಕೇಂದ್ರ ಮಂಡಳಿ ಕೆಲವನ್ನು ಶಿಫಾರಸು ಮಾಡುತ್ತದೆ. ಮಂಡಳಿ ಕೈಬಿಟ್ಟ ವಿಷಯವನ್ನು ಪ್ರತಿನಿಧಿಗಳು ಸಭೆಯಲ್ಲಿಯೇ ಮತ್ತೆ ಎತ್ತಬಹುದು. ಹಾಗೆ ಹೊಸ ವಿಷಯವೊಂದನ್ನು ಮಹಾಸಭೆ ಒಪ್ಪಿದರೆ, ಸಾಮಾನ್ಯವಾಗಿ ಅದು ಒಪ್ಪುವುದು ಅಧ್ಯಯನವನ್ನು, ನಿಲುವನ್ನಲ್ಲ. ವಿಷಯ ಮತ್ತೆ ಊರಿಗೆ ಇಳಿಯುತ್ತದೆ. ಸದಸ್ಯೆಯರು ಓದಿ, ನೋಡಿ, ಚರ್ಚಿಸುತ್ತಾರೆ. ಎಲ್ಲಿ ಸಹಮತವಿದೆ, ಎಲ್ಲಿ ಇಲ್ಲ ಎಂದು ಬರೆದು ಕಳುಹಿಸುತ್ತಾರೆ. ಅವೆಲ್ಲ ಒಂದು ಕಡೆಗೆ ವಾಲಿದ ಮೇಲೆಯೇ ಸಂಸ್ಥೆ ರಾಷ್ಟ್ರಮಟ್ಟದಲ್ಲಿ ಬಾಯಿ ತೆರೆಯುತ್ತದೆ. ನಿಧಾನವೆಂದರೆ ನಿಧಾನವೇ.

ಆ ನಿಧಾನದ ಫಲ ಏನೆಂಬುದಕ್ಕೆ ನೀರಿನ ಕತೆಯನ್ನೇ ನೋಡಬಹುದು. 1956ರ ಮಹಾಸಭೆಯಲ್ಲಿ ಜಲಸಂಪನ್ಮೂಲದ ಅಧ್ಯಯನವನ್ನು ಕೈಗೆತ್ತಿಕೊಂಡರು. ಅದು ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟವಾಗುವುದಕ್ಕೆ ಆರು ವರ್ಷ ಮೊದಲು. ಗೃಹಿಣಿಯರು ತಮ್ಮ ಊರಿನ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಬಚ್ಚಲಿನ ನೀರು ಎಲ್ಲಿಗೆ ಸೇರುತ್ತದೆ, ಮೇಲಿನ ಊರಿನ ಕೊಳಚೆ ಕೆಳಗಿನ ಊರಿನ ಕುಡಿಯುವ ನೀರಾಗುವುದು ಹೇಗೆ ಎಂದು ವಿಚಾರಿಸತೊಡಗಿದರು. ನದಿಗೆ ಜಿಲ್ಲೆ-ರಾಜ್ಯಗಳ ಗಡಿ ತಿಳಿಯದೆಂಬುದು ಬಹುಬೇಗ ಅರಿವಾಗಿ, ಜಲಾನಯನಕ್ಕೆ ಒಂದರಂತೆ ಸಮಿತಿಗಳನ್ನು ಕಟ್ಟಿಕೊಂಡರು. ಈರಿ ಸರೋವರದ ಸುತ್ತಲಿನ ಘಟಕಗಳು 1963ರಲ್ಲಿ ಇಂಥ ಒಂದು ಸಮಿತಿಯನ್ನು ರಚಿಸಿದವು. ಉಕ್ಕಿನ ಕಾರ್ಖಾನೆಗಳ ಕೊಳೆ, ನಗರಗಳ ಕೊಳಚೆ, ಬಟ್ಟೆಯ ಸಾಬೂನು ಪುಡಿಯ ರಂಜಕದಿಂದ ಹಬ್ಬಿದ ಪಾಚಿ, ಇವೆಲ್ಲ ಸೇರಿ ಅದನ್ನು ಪತ್ರಿಕೆಗಳು ‘ಸತ್ತ ಸರೋವರ’ವೆಂದು ಕರೆಯುತ್ತಿದ್ದ ಕಾಲ. ಅದಕ್ಕೆ ಸೇರುವ ಕಯಾಹೋಗ ನದಿಯ ಮೇಲಿನ ಎಣ್ಣೆಗೆ 1969ರ ಜೂನ್‌ನಲ್ಲಿ ಬೆಂಕಿ ಹತ್ತಿ ಸುದ್ದಿಯಾದಾಗ ದೇಶವೇ ಬೆಚ್ಚಿತು. ಈ ಹೆಂಗಸರ ಬಳಿ ಅಷ್ಟರಲ್ಲಿ ಹತ್ತಾರು ವರ್ಷಗಳ ಟಿಪ್ಪಣಿಗಳಿದ್ದವು.

1972ರಲ್ಲಿ ಶುದ್ಧ ಜಲ ಕಾಯಿದೆಯನ್ನು ಅಧ್ಯಕ್ಷ ನಿಕ್ಸನ್ ತಿರಸ್ಕರಿಸಿದರೂ, ಕಾಂಗ್ರೆಸ್ಸಿನ ಉಭಯ ಸದನಗಳು ಮರುದಿನವೇ ಆ ತಿರಸ್ಕಾರವನ್ನು ಮೀರಿ ಅದನ್ನು ಜಾರಿಗೊಳಿಸಿದವು. ಆ ಕಾಯಿದೆಗಾಗಿ ದುಡಿದವರಲ್ಲಿ ಈ ಸಂಸ್ಥೆಯೂ ಒಂದು. ನಮ್ಮ ದೇಶದ ಜಲಮಾಲಿನ್ಯ ಕಾಯಿದೆ ಬಂದದ್ದು 1974ರಲ್ಲಿ. ಅದನ್ನು ಓದಿರುವವರು ಕೈ ಎತ್ತಿ ಎಂದು ಕೇಳಿ ಯಾರನ್ನೂ ಮುಜುಗರಕ್ಕೆ ಈಡುಮಾಡುವುದಿಲ್ಲ. ನಾನೇ ಓದಿದ್ದು ಹೋದ ವರ್ಷ.

ಇಷ್ಟು ಹೇಳಿ ಅವರನ್ನು ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಹಿಳೆಯರಿಗೆ ಮತಗಟ್ಟೆಯ ಬಾಗಿಲು ನಿಜವಾಗಿ ತೆರೆದದ್ದು 1965ರ ಕಾಯಿದೆಯ ನಂತರ. ಅಷ್ಟೂ ಕಾಲ, ಮತದಾನವನ್ನೇ ಹೆಸರಿನಲ್ಲಿ ಹೊತ್ತಿದ್ದ ಈ ಸಂಸ್ಥೆ ಬಹುಮಟ್ಟಿಗೆ ಬಿಳಿಯ ಮಧ್ಯಮವರ್ಗದ ಸ್ತ್ರೀಯರದೇ ಆಗಿತ್ತು. ಹಗಲು ಹೊತ್ತು ಸಭೆ ಸೇರಲು ಬಿಡುವಿದ್ದವರು ಯಾರೆಂದು ಕೇಳಿದರೆ ಉತ್ತರ ತಾನಾಗಿ ದೊರೆಯುತ್ತದೆ. ಇಂದು ಅಡಕೆ ಸುಲಿಯುವ ಕೆಲಸ ಬಿಟ್ಟು ಇಲ್ಲಿಗೆ ಬರಲಾಗದವರನ್ನು ನಾವೂ ಲೆಕ್ಕ ಹಾಕಬೇಕು.

ಇನ್ನೊಂದು ಮಾತು ನಮ್ಮ ಬೆಟ್ಟಗಳಿಗೆ ನೇರವಾಗಿ ತಾಗುವಂಥದು. ಟೆನೆಸ್ಸಿ ನದಿಯ ಮಸಲ್ ಶೋಲ್ಸ್ ವಿದ್ಯುತ್ತು ಖಾಸಗಿಯವರ ಪಾಲಾಗದೆ ಜನರ ಕೈಯಲ್ಲಿರಬೇಕೆಂದು ಈ ಮಹಿಳೆಯರು 1920ರ ದಶಕದಿಂದಲೇ ವಾದಿಸಿದರು. 1933ರಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರ ಹುಟ್ಟಿತು. ಅದು ಕಟ್ಟಿದ ಮೊದಲ ಅಣೆಕಟ್ಟಾದ ನಾರಿಸ್‌ಗಾಗಿಯೇ ಸುಮಾರು 2,800 ಕುಟುಂಬಗಳು ಎದ್ದು ಹೋದವು. ಗೇಣಿದಾರರಿಗೆ ಭೂಮಿಯ ಪರಿಹಾರ ದಕ್ಕಲಿಲ್ಲ. ಅದೇ ಮಾದರಿಯಲ್ಲಿ 1948ರಲ್ಲಿ ನಮ್ಮ ದಾಮೋದರ ಕಣಿವೆ ನಿಗಮ ಬಂದಿತು. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಶರಾವತಿಯ ಮುಳುಗಡೆಯವರ ಭೂಹಕ್ಕಿನ ಪ್ರಶ್ನೆ ದಶಕಗಳವರೆಗೆ ಇತ್ಯರ್ಥವಾಗದೆ ಉಳಿದದ್ದನ್ನು ಇಲ್ಲಿ ಕುಳಿತ ಹಲವರಿಗೆ ಹೇಳಬೇಕಾಗಿಲ್ಲ. ಒಳ್ಳೆಯ ಉದ್ದೇಶದ ಠರಾವಿನಿಂದಲೂ ಊರು ಮುಳುಗಬಹುದು. ಮುಳುಗುವ ಊರಿನವರು ಆ ಠರಾವಿನ ಚರ್ಚೆಯಲ್ಲಿದ್ದರೇ?

ಆದರೆ ತಿದ್ದಿಕೊಳ್ಳುವ ದಾರಿಯೊಂದನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದರು. ಲಿಂಗಸಮಾನತೆಯ ಸಂವಿಧಾನ ತಿದ್ದುಪಡಿಯನ್ನು, ದುಡಿಯುವ ಹೆಂಗಸರ ರಕ್ಷಣೆಯ ಕಾನೂನುಗಳು ಬಿದ್ದುಹೋದಾವೆಂಬ ಭಯದಿಂದ, ದೀರ್ಘಕಾಲ ವಿರೋಧಿಸಿದವರು ಇವರೇ. 1972ರ ಮಹಾಸಭೆಯಲ್ಲಿ ಅದನ್ನು ಬೆಂಬಲಿಸಿದರು. 1974ರ ಮಹಾಸಭೆಯಲ್ಲಿ ಗಂಡಸರಿಗೂ ಸದಸ್ಯತ್ವ ಕೊಟ್ಟರು. ಇದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿರುವುದು ಗೊತ್ತು. ಅದನ್ನು ಊಟದ ಪಂಕ್ತಿಯಲ್ಲಿ ಜಗಳವಾಡಿ ತೀರಿಸಿಕೊಳ್ಳೋಣ.

ಈಗ ನನ್ನ ಬೇಡಿಕೆ. ಸಂಜೆಯ ಹನ್ನೊಂದು ಠರಾವುಗಳಲ್ಲಿ ಹತ್ತನ್ನು ಇಂದು ಮತಕ್ಕೆ ಹಾಕದೆ ತಡೆಹಿಡಿಯಬೇಕು. ಏಳನೆಯದಾದ ಹಳ್ಳದ ನೀರಿನ ಠರಾವನ್ನು ಮಾತ್ರ ಅಧ್ಯಯನದ ವಿಷಯವಾಗಿ ಸ್ವೀಕರಿಸಿ ಎಲ್ಲ ಊರುಗಳಿಗೂ ಕಳುಹಿಸಬೇಕು. ನಿಮ್ಮ ಮನೆಯ ಹಿಂದಿನ ಹಳ್ಳ ಯಾವ ತಿಂಗಳಿನವರೆಗೆ ಹರಿಯುತ್ತದೆ, ಅತ್ತೆಯವರ ಕಾಲದಲ್ಲಿ ಯಾವ ತಿಂಗಳಿನವರೆಗೆ ಹರಿಯುತ್ತಿತ್ತು, ಮೇಲೆ ಸೊಪ್ಪಿನ ಬೆಟ್ಟ ಹೇಗಿದೆ, ಪಂಪು ಇಟ್ಟವರು ಎಷ್ಟು ಮಂದಿ, ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಬರೆಯಿರಿ. ಬರೆಯಲು ಬಾರದವರು ಹೇಳಲಿ, ಮಕ್ಕಳು ಬರೆಯಲಿ. ಇಲ್ಲಿಗೆ ಬರದೇ ಇದ್ದ ಕೂಲಿಯವರ ಕೇರಿಗೂ ಹೋಗಿ ಕೇಳಿ. ಬೇಸಿಗೆಯಲ್ಲಿ ಕೊಡ ಹೊತ್ತು ದೂರ ನಡೆಯುವವರು ಅವರು. ಸಹಮತವಾಗದಿದ್ದಲ್ಲಿ ಆಗಲಿಲ್ಲವೆಂದೇ ನಮೂದಿಸಿ.

ಆ ಕಾಗದಗಳು ಬರುವ ಯುಗಾದಿಯ ಹೊತ್ತಿಗೆ ಒಕ್ಕೂಟದ ಕಚೇರಿಗೆ ಸೇರಲಿ. ಅಚ್ಚಾದ ಒಕ್ಕಣೆಯನ್ನು ಪೆನ್ನಿನಿಂದ ಹೊಡೆದುಹಾಕುವ ಕೆಲಸ ನನ್ನದು. ಮಾನ್ಯ ಅಧ್ಯಕ್ಷರು ಅನುಮತಿ ಕೊಟ್ಟರೆ ಈಗಲೇ ಪ್ರಾರಂಭಿಸುತ್ತೇನೆ.