ಹಳೆಯ ಚಿತ್ರಗಳ ಪಾಠಾಂತರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾವ್ಯ ಪಾಠ ಹೇಳುವವರಿಗೆ ಸಿನಿಮಾ ಡಿಸ್ಕುಗಳ ಗೊಡವೆ ಏಕೆಂದು ತಮ್ಮಲ್ಲಿ ಕೆಲವರು ನಗಬಹುದು. ಒಂದೇ ಕಾವ್ಯದ ನಾಲ್ಕಾರು ಓಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಕವಿಯ ಮಾತು ಯಾವುದು, ಲಿಪಿಕಾರನ ಕೈವಾಡ ಯಾವುದೆಂದು ಬಗೆಹರಿಸುವುದು ವಿದ್ವಾಂಸರ ಕಸುಬು. ಅಭಿಮಾನಿಗಳು ಮನೆಯಲ್ಲಿಯೇ ಸಿದ್ಧಗೊಳಿಸಿದ ಹಳೆಯ ಚಿತ್ರಗಳ ಪ್ರತಿಗಳಿಗೂ ಅದೇ ಪರೀಕ್ಷೆ ಸಲ್ಲುತ್ತದೆ.

‘ಬೇಡರ ಕಣ್ಣಪ್ಪ’ ೧೯೫೪ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಬಂದಿತು. ಅದೇ ಕಥೆ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲಿಯೂ ಬಂದಿತು. ಎರಡರಲ್ಲಿಯೂ ರಾಜಕುಮಾರರೇ ಕಣ್ಣಪ್ಪ. ಎರಡು ನುಡಿಗಳ ನಡುವೆ ಬಾಳುವ ರೊದ್ದದವರಿಗೆ ಇದಕ್ಕಿಂತ ಹತ್ತಿರದ ಚಿತ್ರ ಯಾವುದು? ಇದರ ಮೂರು ಡಿಸ್ಕುಗಳನ್ನು ನಾವು ಒಂದಾದಮೇಲೊಂದು ನೋಡಿದೆವು. (ಚಲನಚಿತ್ರದ ಹಕ್ಕು ನಮ್ಮ ಕಾನೂನಿನಂತೆ ಪ್ರಕಟಣೆಯ ಮರುವರ್ಷದಿಂದ ೬೦ ವರ್ಷ, ಇದರದು ೨೦೧೪ಕ್ಕೇ ಮುಗಿಯಿತು.)

ಮೊದಲನೆಯದು ಹಳೆಯ ವಿಸಿಡಿಯನ್ನು ಡಿವಿಡಿಗೆ ಏರಿಸಿದುದು. ವಿಸಿಡಿಯ ಚಿತ್ರಕ್ಕೆ ೨೮೮ ಗೆರೆ, ಡಿವಿಡಿಗೆ ೫೭೬. ದೊಡ್ಡ ಪಾತ್ರೆಗೆ ಸುರಿದ ಮಾತ್ರಕ್ಕೆ ಹಾಲು ಹೆಚ್ಚುವುದೆ? ಬೇಡನು ಓಡತೊಡಗಿದರೆ ಕಾಡೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಇದರ ಮಾತು ಇಷ್ಟೇ ಸಾಕು.

ಎರಡನೆಯದು ಟಿ.ವಿ. ಪ್ರಸಾರದಿಂದ ಟೇಪಿಗೆ ಹಿಡಿದು, ಆಮೇಲೆ ಡಿಸ್ಕಿಗೆ ಇಳಿಸಿದುದು. ಗೀರುಗಳಿವೆ, ಮೂಲೆಯಲ್ಲಿ ವಾಹಿನಿಯ ಮುದ್ರೆಯಿದೆ, ಉದ್ದಕ್ಕೂ ಸರಸರ ಸದ್ದು. ಸಿನಿಮಾ ಸೆಕೆಂಡಿಗೆ ೨೪ ಚಿತ್ರಗಳ ಓಟ, ನಮ್ಮ ಟಿ.ವಿ. ಪದ್ಧತಿ ೨೫ರದು. ಆದಕಾರಣ ೧೫೦ ನಿಮಿಷದ ಚಿತ್ರ ೧೪೪ ನಿಮಿಷಕ್ಕೇ ಮುಗಿದು, ಹಾಡಿನ ಶ್ರುತಿ ಅರೆಸ್ವರಕ್ಕೆ ತುಸು ಕಡಮೆಯಷ್ಟು ಮೇಲೇರುತ್ತದೆ.

ಮೂರನೆಯದು ನೋಟಕ್ಕೆ ಬಹಳ ಚೊಕ್ಕಟ. ಮಕ್ಕಳು ಇದನ್ನೇ ಮೆಚ್ಚಿದರು. ಆದರೆ ೪ಕ್ಕೆ ೩ರ ಅಳತೆಯ ಚಿತ್ರವನ್ನು ೧೬ಕ್ಕೆ ೯ರ ಪರದೆಗೆ ಎಳೆದು ತುಂಬಿದ್ದಾರೆ. ಮುಖಗಳು ಮೂರರಲ್ಲೊಂದು ಪಾಲು ಅಗಲವಾಗಿವೆ. ಫಿಲ್ಮಿನ ಕಣಗಳನ್ನು ಅಳಿಸಹೋಗಿ ಕೆನ್ನೆಗಳನ್ನು ಮೇಣ ಮಾಡಿದ್ದಾರೆ. ಇದಕ್ಕಿಂತ ನಮ್ಮನ್ನು ನೋಯಿಸಿದ್ದು ಧ್ವನಿ. ಸರಸರ ಸದ್ದನ್ನು ತೆಗೆಯುವ ಗಣಕಕ್ಕೆ ಶಕಾರ ಸಕಾರಗಳೂ ಸರಸರ ಸದ್ದೇ! ಎರಡೂ ಸವೆದು ಒಂದಾಗಿವೆ. ಮಹಾಪ್ರಾಣದ ಉಸಿರೂ ಅದರೊಡನೆ ಹೋಗಿ, ‘ಘನ’ವು ‘ಗನ’ವಾಗಿ ಕೇಳಿಸುತ್ತದೆ. ಬೀದಿಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ನಮ್ಮ ಮಕ್ಕಳು ತಿದ್ದಿದ ಕನ್ನಡದ ಉಚ್ಚಾರಣೆಯನ್ನು ಕಿವಿಯಾರೆ ಕೇಳುವ ಅವಕಾಶವೇ ಕಡಮೆ. ಅದನ್ನೂ ಒರೆಸಿಕೊಟ್ಟರೆ ಹೇಗೆ?

ಎರಡನೆಯ ಡಿಸ್ಕಿನ ಓಟವನ್ನು ಗಣಕದಲ್ಲಿ ಮತ್ತೆ ೨೪ಕ್ಕೆ ಇಳಿಸಬಹುದು; ಮೂರನೆಯದರಲ್ಲಿ ಅಳಿದ ಅಕ್ಷರವನ್ನು ಅದರಿಂದಲೇ ಮರಳಿ ಪಡೆಯಲಾಗದು. ಆದುದರಿಂದ ನಮ್ಮ ಮತ ಎರಡನೆಯದಕ್ಕೆ.

ಮೂಲ ನೆಗೆಟಿವ್ ಉಳಿದಿದ್ದರೆ ಮಾತೇ ಬೇರೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಹಾಗೆ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ೧೯೩೪ರ ‘ಸತಿ ಸುಲೋಚನ’ಕ್ಕೆ, ಕನ್ನಡದ ಮೊದಲ ವಾಕ್ಚಿತ್ರಕ್ಕೆ, ಆ ಭಾಗ್ಯವಿಲ್ಲ, ಅದರ ಪ್ರತಿಯೇ ಉಳಿದಿಲ್ಲ.

ತಮ್ಮ ಮನೆಗಳ ಅಟ್ಟದ ಮೇಲೆ ಹಳೆಯ ಟೇಪುಗಳಿದ್ದರೆ, ಬೂಷ್ಟು ಹಿಡಿದಿದ್ದರೂ ಯಂತ್ರಕ್ಕೆ ಹಾಕಿ ನೋಡದೆ, ಹಾಗೆಯೇ ಸಂಘಕ್ಕೆ ತಂದುಕೊಡಬೇಕೆಂದು ಬೇಡುತ್ತೇವೆ. ಯಾವ ವಾಹಿನಿಯಿಂದ, ಯಾವ ವರ್ಷ ಹಿಡಿದುದೆಂದು ನೆನಪಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿರಿ.